ಮೀಟಿದ ಮೇಲೆ ಉಳಿಯುವ ನಾದ

ಗಿಟಾರಿನ ಮೂರನೇ ತಂತಿಯನ್ನು ಒಮ್ಮೆ ಮೀಟಿ, ಕೈ ಹಿಂದಕ್ಕೆ ತೆಗೆದು ಸುಮ್ಮನೆ ಕೇಳಿ. ಪಿಕ್ ತಂತಿಗೆ ತಾಗಿದ ‘ಟಕ್’ ಮೊದಲು. ಅದರ ಬೆನ್ನಿಗೇ ಸ್ವರ ತುಂಬಿಕೊಂಡು ಏಳುತ್ತದೆ, ಎದ್ದ ಮರುಕ್ಷಣವೇ ಇಳಿಯತೊಡಗುತ್ತದೆ. ಕೊಳಲಿನವರು ಉಸಿರಿರುವಷ್ಟು ಹೊತ್ತು, ಪಿಟೀಲಿನವರು ಕಮಾನಿರುವಷ್ಟು ಹೊತ್ತು ಸ್ವರವನ್ನು ಹಿಡಿದು ನಿಲ್ಲಿಸಬಲ್ಲರು. ಮೀಟುವ ವಾದ್ಯಕ್ಕೆ ಆ ಅನುಕೂಲ ಇಲ್ಲ. ವೈಣಿಕರನ್ನು ಕೇಳಿ ನೋಡಿ, ಒಂದು ಮೀಟಿನ ನಾದ ಆರುವುದರೊಳಗೆ ಗಮಕ ಮುಗಿಯಬೇಕು, ಇಲ್ಲವೇ ಮತ್ತೆ ಮೀಟಬೇಕು. ಕಂಪ್ರೆಸರ್ ಎಂಬ ಉಪಕರಣ ಗಿಟಾರಿಗೆ ಇಷ್ಟು ಹತ್ತಿರವಾದದ್ದು ಇದೇ ಕಾರಣಕ್ಕೆ. ಜೋರಾದದ್ದನ್ನು ಕುಗ್ಗಿಸಿ, ಒಟ್ಟನ್ನು ಮೇಲೆತ್ತಿ, ಆರುತ್ತಿರುವ ನಾದಕ್ಕೆ ಅದು ಇನ್ನಷ್ಟು ಆಯುಸ್ಸು ಕೊಡುತ್ತದೆ.

ಹೋದ ತಿಂಗಳು ಎದುರು ಮನೆಯ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಎಂಜಿನಿಯರಿಂಗ್ ಓದುತ್ತಾಳೆ, ಎರಡು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾಳೆ, ಕೈಯಲ್ಲಿ ಗಟ್ಟಿಯಾದ ಲಯವಿದೆ. “ಅಂಕಲ್, ಎಲ್ಲಾ ಹಾಕಿದೀನಿ. ಕಂಪ್ರೆಸರ್ ಇದೆ, ಲಿಮಿಟರ್ ಇದೆ. ಆದ್ರೂ ಯಾಕೋ ಉಸಿರು ಕಟ್ಟಿದ ಹಾಗೆ ಕೇಳುತ್ತೆ,” ಅಂದಳು. ಅವಳ ಕಿವಿ ಸರಿಯಾಗಿಯೇ ಹೇಳಿತ್ತು. ಪ್ರತಿ ಮೀಟಿನ ತಲೆ ಚಪ್ಪಟೆಯಾಗಿತ್ತು, ಪ್ರತಿ ಸ್ವರದ ಬಾಲದಲ್ಲಿ ‘ಗುಂಯ್’ ಎನ್ನುವ ಸದ್ದು ಮೇಲೆದ್ದು ಬರುತ್ತಿತ್ತು. ಎರಡು ಸಂಜೆ ಅವಳ ಕೋಣೆಯಲ್ಲಿ ಕೂತು ಬಿಡಿಸಿದೆವು.

ತಲೆ ಚಪ್ಪಟೆಯಾದದ್ದು ಕಂಪ್ರೆಸರಿನಲ್ಲಲ್ಲ, ಅದಕ್ಕೂ ಮೊದಲು, ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನಲ್ಲಿ. ಗೇನ್ ತಿರುಪನ್ನು ಅವಳು ಮುಕ್ಕಾಲು ದಾಟಿಸಿ ಇಟ್ಟಿದ್ದಳು. ಕೆಂಪು ದೀಪ ಹತ್ತಬಾರದೆಂದು ಟ್ರ್ಯಾಕಿನ ಮೇಲೆ, ಸದ್ದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಪ್ಲಗಿನ್ ಕೂರಿಸಿದ್ದಳು. ಮನೆಯಲ್ಲಿ ರೆಕಾರ್ಡ್ ಮಾಡುವ ಬಹಳ ಮಂದಿ ಇಲ್ಲಿಯೇ ಎಡವುತ್ತಾರೆ. ಗಿಟಾರಿನಿಂದ ಹೊರಟ ಸಣ್ಣ ವಿದ್ಯುತ್ತು ಮೊದಲು ಪ್ರಿ-ಆಂಪಿನಲ್ಲಿ ಹಿಗ್ಗುತ್ತದೆ, ಆಮೇಲೆ ಅಂಕಿಗಳಾಗಿ ಬದಲಾಗುತ್ತದೆ, ಆಮೇಲಷ್ಟೇ ಕಂಪ್ಯೂಟರಿನೊಳಕ್ಕೆ ಬರುತ್ತದೆ. ಪ್ಲಗಿನ್ ಇರುವುದು ಈ ದಾರಿಯ ತುದಿಯಲ್ಲಿ. ಅಂಕಿಯಾಗುವ ಹೊತ್ತಿಗೇ ನೆತ್ತಿ ಕತ್ತರಿಸಿಹೋದ ಅಲೆಯನ್ನು ಅದು ಕೂಡಿಸಲಾರದು. ನೀರೆಲ್ಲ ಹರಿದುಹೋದ ಮೇಲೆ ಏರಿ ಭದ್ರಪಡಿಸಿದ ಹಾಗೆ.

ಮದ್ದು ಸುಲಭ. ಹಾಡಿನಲ್ಲಿ ಎಷ್ಟು ಜೋರಾಗಿ ಬಾರಿಸುತ್ತೀರೋ ಅದಕ್ಕಿಂತ ಒಂದಿಷ್ಟು ಹೆಚ್ಚೇ ಜೋರಾಗಿ ಎಲ್ಲ ತಂತಿಗಳನ್ನೂ ಬಾರಿಸಿ. ಅತಿ ಎತ್ತರದ ಏಟು ಮೀಟರಿನ ಗರಿಷ್ಠ ಮಿತಿಯಾದ ಸೊನ್ನೆಗಿಂತ 10ರಿಂದ 12 ಡೆಸಿಬಲ್ ಕೆಳಗೇ ನಿಲ್ಲುವಂತೆ ಗೇನ್ ಇಳಿಸಿ. ಹಾಲು ಕಾಯಿಸುವಾಗ ಉಕ್ಕುವುದಕ್ಕೆಂದು ಪಾತ್ರೆಯಲ್ಲಿ ಜಾಗ ಬಿಡುವುದಿಲ್ಲವೇ, ಅಷ್ಟೇ. ಟೇಪಿನ ಕಾಲದಲ್ಲಿ ‘ಸ್ಸ್’ ಎನ್ನುವ ಟೇಪಿನದೇ ಸದ್ದನ್ನು ಮುಚ್ಚಲು ಜೋರಾಗಿ ತುಂಬುವ ಪದ್ಧತಿಯಿತ್ತು. ಆ ಅಭ್ಯಾಸ ಇಂದಿಗೂ ಬಾಯಿಂದ ಬಾಯಿಗೆ ಬಂದಿದೆ. 16 ಬಿಟ್‌ನಲ್ಲಿ ಲೆಕ್ಕದ ಪ್ರಕಾರ ಸಿಗುವ ಹರವು ಸುಮಾರು 96 ಡೆಸಿಬಲ್, 24 ಬಿಟ್‌ನಲ್ಲಿ ಸುಮಾರು 144. ಯಾವ ಗಿಟಾರೂ ಅಷ್ಟು ಹರವನ್ನು ತುಂಬಲಾರದು. ಕೆಳಗೆ ರೆಕಾರ್ಡ್ ಮಾಡಿದರೆ ಕಳೆದುಕೊಳ್ಳುವಂಥದ್ದು ಏನೂ ಇಲ್ಲ.

ಇಂಟರ್‌ಫೇಸಿನಲ್ಲಿ ನೋಡಬೇಕಾದ ಇನ್ನೊಂದು ಗುಂಡಿ ‘ಇನ್‌ಸ್ಟ್’ ಅಥವಾ ‘ಹೈ-ಝಡ್’ ಎಂದು ಬರೆದಿರುವುದು. ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಸಣ್ಣ ತಂತಿ. ಅದರ ವಿದ್ಯುತ್ತು ಬಲು ನಾಜೂಕು. ಎದುರಿಗಿರುವ ಇನ್‌ಪುಟ್ ಸುಮಾರು 10 ಲಕ್ಷ ಓಮ್ ತಡೆಯೊಡ್ಡಿದರೆ ಸ್ವರದ ಮೇಲಿನ ಹೊಳಪು ಉಳಿಯುತ್ತದೆ. ಸುಮಾರು 10 ಸಾವಿರ ಓಮಿನ ಲೈನ್ ಇನ್‌ಪುಟ್ಟಿಗೆ ಚುಚ್ಚಿದರೆ ಕಂಬಳಿ ಹೊದೆಸಿದ ಹಾಗೆ ಮಂಕಾಗುತ್ತದೆ. ಆ ಹೊಳಪನ್ನು ಆಮೇಲೆ ಯಾವ ಈಕ್ವಲೈಸರೂ ಪೂರ್ತಿ ತಂದುಕೊಡುವುದಿಲ್ಲ. 48 ವೋಲ್ಟಿನ ಗುಂಡಿ ಕಂಡೆನ್ಸರ್ ಮೈಕಿಗೆ ಬೇಕಾದದ್ದು, ಗಿಟಾರಿಗೆ ಅದರ ಕೆಲಸವಿಲ್ಲ.

ಕಂಪ್ಯೂಟರ್ ಸದ್ದನ್ನು ಕಂತುಕಂತಾಗಿ ತುಂಬಿಕೊಳ್ಳುವ ಬಫರ್ ಬಗ್ಗೆ ಒಂದು ಮಾತು. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಎಂದರೆ 2.7 ಮಿಲಿಸೆಕೆಂಡ್, ಹೋಗಿ ಬರುವುದೂ ಸೇರಿ ಕಿವಿಗೆ ತಲುಪಲು ಅದರ ಎರಡು ಮೂರು ಪಟ್ಟು. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಹೋಗುವುದು ಸುಮಾರು 34 ಸೆಂಟಿಮೀಟರ್. ಹಾಗಾಗಿ ಇಷ್ಟು ತಡ ಎಂದರೆ ಎರಡು ಮೂರು ಮೀಟರ್ ಆಚೆ ಆಂಪ್ ಇಟ್ಟುಕೊಂಡು ನುಡಿಸಿದ ಹಾಗೆ. ಕೈಗೆ ಗೊತ್ತಾಗುವುದಿಲ್ಲ. ಆದರೆ ಲಿಮಿಟರ್ ಪ್ಲಗಿನ್‌ಗಳಲ್ಲಿ ಹಲವು ಮುಂದೆ ಬರುವ ಏಟನ್ನು ಮೊದಲೇ ನೋಡಲು ಸದ್ದನ್ನು ತುಸು ತಡೆದು ಬಿಡುತ್ತವೆ. ರೆಕಾರ್ಡ್ ಮಾಡುವಾಗ ಅವನ್ನು ತೆಗೆದಿಡಬೇಕು ಎನ್ನಲು ಇದು ಎರಡನೆಯ ಕಾರಣ. ಅವಳ ಲಿಮಿಟರನ್ನು ತೆಗೆದ ತಕ್ಷಣ ಅವಳ ಕೈಯೇ ಬೇರೆಯಾಯಿತು. ತಾಳ ಹಿಂದೆ ಜಗ್ಗುತ್ತಿದ್ದುದು ಬೆರಳಿನ ತಪ್ಪಲ್ಲ ಎಂದು ಗೊತ್ತಾದಾಗ ಅವಳ ಮುಖದಲ್ಲಿ ಕಂಡ ನೆಮ್ಮದಿ ನನಗೆ ಈಗಲೂ ನೆನಪಿದೆ.

ಇನ್ನು ಕಂಪ್ರೆಸರ್. ಥ್ರೆಶೋಲ್ಡ್, ರೇಶಿಯೊ ಎಲ್ಲರಿಗೂ ಗೊತ್ತು: 4ಕ್ಕೆ 1 ಇಟ್ಟರೆ ಥ್ರೆಶೋಲ್ಡಿನ ಗೆರೆ ದಾಟಿ 8 ಡೆಸಿಬಲ್ ಮೇಲೆ ಹೋದದ್ದು 2 ಡೆಸಿಬಲ್ ಆಗಿ ಹೊರಬರುತ್ತದೆ, 6 ಡೆಸಿಬಲ್ ಕುಗ್ಗುತ್ತದೆ. ಇವೆರಡು ‘ಎಷ್ಟು’ ಎಂಬುದನ್ನು ಹೇಳುತ್ತವೆ. ಗಿಟಾರಿನ ರುಚಿ ಇರುವುದು ‘ಯಾವಾಗ’ ಎಂಬುದರಲ್ಲಿ, ಅಂದರೆ ಎಷ್ಟು ಬೇಗ ಅದುಮುತ್ತದೆ ಎಂಬ ಅಟ್ಯಾಕ್ ಮತ್ತು ಎಷ್ಟು ಬೇಗ ಬಿಡುತ್ತದೆ ಎಂಬ ರಿಲೀಸಿನಲ್ಲಿ. ಅದರಲ್ಲೂ ರಿಲೀಸಿನಲ್ಲಿ. ಇಷ್ಟು ವರ್ಷ ಈ ತಿರುಪುಗಳ ಜೊತೆ ಕಳೆದ ಮೇಲೆ ನಾನು ಗಟ್ಟಿಯಾಗಿ ಹೇಳಬಲ್ಲ ಮಾತು ಇದೊಂದೇ. ಸ್ವರ ಹೇಗೆ ಏಳುತ್ತದೆ ಎಂಬುದನ್ನು ನುಡಿಸುವವರ ಕೈ ನೋಡಿಕೊಳ್ಳುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ರಿಲೀಸ್ ನೋಡಿಕೊಳ್ಳುತ್ತದೆ.

ಅವಳ ಪ್ಲಗಿನ್‌ನಲ್ಲಿ ಅಟ್ಯಾಕ್ 1 ಮಿಲಿಸೆಕೆಂಡ್, ರಿಲೀಸ್ 10 ಮಿಲಿಸೆಕೆಂಡ್ ಇತ್ತು. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ, ಒಂದು ಕಂಪನಕ್ಕೆ 12 ಮಿಲಿಸೆಕೆಂಡ್. ಒಂದು ಅಲೆ ಮುಗಿಯುವ ಮೊದಲೇ ಕಂಪ್ರೆಸರ್ ಅದುಮಿ, ಬಿಟ್ಟು, ಮತ್ತೆ ಅದುಮಿದರೆ ಅದು ಸದ್ದಿನ ಮಟ್ಟವನ್ನಲ್ಲ, ಅಲೆಯ ಆಕಾರವನ್ನೇ ತಿದ್ದುತ್ತಿರುತ್ತದೆ. ಕೆಳಗಿನ ತಂತಿಗಳಲ್ಲಿ ಮರಳು ಸೇರಿದಂಥ ಗರಗರ ಬರುವುದು ಹೀಗೆ. ಅಟ್ಯಾಕನ್ನು 20 ಮಿಲಿಸೆಕೆಂಡಿಗೆ ತಂದೆವು, ಪಿಕ್ಕಿನ ‘ಟಕ್’ ಮುಟ್ಟಿಸಿಕೊಳ್ಳದೆ ದಾಟಿ ಬಂತು. ರಿಲೀಸಿಗೆ ಹಾಡಿನ ನಡೆಯನ್ನೇ ಅಳತೆಗೋಲು ಮಾಡಿಕೊಂಡೆವು. ನಿಮಿಷಕ್ಕೆ 90 ಎಣಿಕೆಯ ಹಾಡು, ಒಂದು ಎಣಿಕೆಗೆ 667 ಮಿಲಿಸೆಕೆಂಡ್, ಅರ್ಧಕ್ಕೆ 333. ಸುಮಾರು 300ರಿಂದ ಶುರು ಮಾಡಿ, ಮುಂದಿನ ಮೀಟು ಬೀಳುವ ಹೊತ್ತಿಗೆ ಗೇನ್ ರಿಡಕ್ಷನ್ ಮುಳ್ಳು ಸೊನ್ನೆಗೆ ಮರಳುತ್ತಿದೆಯೇ ಎಂದು ನೋಡುತ್ತ, ಕೇಳುತ್ತ ತಿರುಗಿಸಿದೆವು. ಮುಳ್ಳು ಹಾಡಿನ ಜೊತೆ ತಲೆದೂಗತೊಡಗಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಮೇಲೇಳದೆ ಒಂದೇ ಕಡೆ ಬಿದ್ದಿದ್ದರೆ ರಿಲೀಸ್ ತೀರ ನಿಧಾನ.

ಈ ಇಳಿಯುವ ರೀತಿಯ ಸೊಬಗನ್ನು ನಾನು ಅರಿತದ್ದು ಟೆಲಿಟ್ರಾನಿಕ್ಸ್ ಎಲ್‌ಎ-2ಎ ಎಂಬ ಕಂಪ್ರೆಸರ್ ಪೆಟ್ಟಿಗೆಯ ಕೆಲಸವನ್ನು ಓದಿಕೊಂಡ ಮೇಲೆ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಜಿಮ್ ಲಾರೆನ್ಸ್ ಅದನ್ನು ರೂಪಿಸಿದರು. ಅದಕ್ಕೂ ಮುಂಚೆ ಅವರು ಕ್ಷಿಪಣಿ ಯೋಜನೆಯೊಂದಕ್ಕೆ ಬೆಳಕಿನ ಸಂವೇದಕಗಳ ಕೆಲಸ ಮಾಡಿದ್ದವರು. ಆ ತಿಳಿವಳಿಕೆಯನ್ನು ತಂದು ಧ್ವನಿಗೆ ಹಾಕಿದರು. ಒಳಗೊಂದು ಮುಚ್ಚಿದ ಡಬ್ಬಿ, ಅದರಲ್ಲಿ ಸದ್ದು ಜೋರಾದಷ್ಟೂ ಪ್ರಕಾಶ ಹೆಚ್ಚುವ ಒಂದು ಫಲಕ, ಎದುರಿಗೆ ಬೆಳಕು ಬಿದ್ದರೆ ತಡೆ ಕಡಿಮೆಯಾಗುವ ರೋಧಕ. ಸದ್ದು ಏರಿದರೆ ಬೆಳಕು ಏರುತ್ತದೆ, ಬೆಳಕು ಏರಿದರೆ ಸದ್ದು ಕುಗ್ಗುತ್ತದೆ. ಇದರ ಚೆಲುವು ಆ ರೋಧಕದ ಸ್ವಭಾವದಲ್ಲಿದೆ. ಬೆಳಕು ಆರಿದ ಕೂಡಲೇ ಅದು ಮೊದಲಿನ ಸ್ಥಿತಿಗೆ ಬರುವುದಿಲ್ಲ. ಅರ್ಧದಷ್ಟು ಸುಮಾರು 60 ಮಿಲಿಸೆಕೆಂಡಿನಲ್ಲಿ ಬೇಗ ಮರಳುತ್ತದೆ, ಉಳಿದರ್ಧಕ್ಕೆ ಸೆಕೆಂಡುಗಳೇ ಹಿಡಿಯಬಹುದು. ಹೆಚ್ಚು ಹೊತ್ತು ಬೆಳಕು ಕಂಡಿದ್ದರೆ ಇನ್ನೂ ನಿಧಾನ. ಬಿಸಿಲಿನಿಂದ ಒಳಗೆ ಬಂದವರ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ಹಾಗೆ. ತಂತಿಯ ನಾದವೂ ಮೊದಲು ಬೇಗ, ಆಮೇಲೆ ನಿಧಾನವಾಗಿ ಇಳಿಯುವುದರಿಂದ ಇವೆರಡೂ ಒಂದರ ಜೊತೆ ಒಂದು ಹೆಜ್ಜೆ ಹಾಕುತ್ತವೆ. ಅಟ್ಯಾಕ್, ರಿಲೀಸ್ ಎಂಬ ತಿರುಪೇ ಅದರಲ್ಲಿಲ್ಲ. ಎಷ್ಟು ಕುಗ್ಗಿಸಬೇಕು, ಎಷ್ಟು ಹಿಗ್ಗಿಸಬೇಕು ಎಂಬ ಎರಡೇ ಗುಂಡಿ. ಇಂದು ಅದರ ಪ್ಲಗಿನ್ ನಕಲುಗಳು ಹಲವು ಕಂಪನಿಗಳಿಂದ ಬಂದಿವೆ. ನಿಧಾನಗತಿಯ, ಬೆರಳಲ್ಲಿ ಮೀಟುವ ಹಾಡಿಗೆ ನಾನು ಮೊದಲು ತೆರೆಯುವುದು ಅವನ್ನೇ.

ಬಿಲ್ ಪುಟ್ನಮ್ ಅದೇ ದಶಕದ ಕೊನೆಯಲ್ಲಿ ಮಾಡಿದ 1176 ಎಂಬ ಕಂಪ್ರೆಸರಿನ ಗುಣ ಬೇರೆ. ಅದರಲ್ಲಿ ಥ್ರೆಶೋಲ್ಡ್ ಗುಂಡಿ ಇಲ್ಲ, ಇನ್‌ಪುಟ್ ಏರಿಸಿದಷ್ಟೂ ಹೆಚ್ಚು ಅದುಮುತ್ತದೆ. ಅಟ್ಯಾಕ್, ರಿಲೀಸ್ ತಿರುಪುಗಳು ಬಲಕ್ಕೆ ತಿರುಗಿಸಿದಷ್ಟೂ ವೇಗ, ಹೊಸಬರು ಉಲ್ಟಾ ಎಣಿಸುತ್ತಾರೆ. ಅದರ ಅತಿ ನಿಧಾನದ ಅಟ್ಯಾಕ್ ಕೂಡ 800 ಮೈಕ್ರೊಸೆಕೆಂಡ್, ಒಂದು ಮಿಲಿಸೆಕೆಂಡ್‌ಗೂ ಕಡಿಮೆ. ‘ಟಕ್’ ಅನ್ನು ಅದರಿಂದ ಪೂರ್ತಿ ಉಳಿಸಿಕೊಳ್ಳುವೆನೆಂದರೆ ಆಗದು. ಆ ಬಿಗಿ ಚುರುಕಾದ ರಿದಮ್ ನುಡಿಸುವಿಕೆಗೆ ಒಪ್ಪುತ್ತದೆ, ಅಲ್ಲಿ ನನಗೆ ಅದು ಬಹಳ ಪ್ರೀತಿ.

ಡಿಸ್ಟಾರ್ಶನ್ ತುಂಬಿದ ಗಿಟಾರಿಗೆ ಮಾತ್ರ ಇದಾವುದೂ ಬೇಡ. ಡಿಸ್ಟಾರ್ಶನ್ ತಾನೇ ಒಂದು ಕಡು ಕಂಪ್ರೆಶನ್.

ಈಗ ಬಾಲದ ‘ಗುಂಯ್’. 10 ಡೆಸಿಬಲ್ ಕುಗ್ಗಿಸಿ, ಅಷ್ಟನ್ನೇ ಮತ್ತೆ ಮೇಲಕ್ಕೆ ಎತ್ತಿದರೆ ಸ್ವರಗಳ ನಡುವಿನ ಮೌನವೂ 10 ಡೆಸಿಬಲ್ ಮೇಲೇರುತ್ತದೆ. ಕಿವಿಗೆ ಅದು ಸುಮಾರು ಎರಡು ಪಟ್ಟು. ಅವಳ ಗಿಟಾರಿನದು ಸಿಂಗಲ್ ಕಾಯಿಲ್ ಪಿಕಪ್, ಸುತ್ತಲಿನ ವಿದ್ಯುತ್ತಿನ 50 ಹರ್ಟ್ಸ್ ಗುನುಗು ಅದಕ್ಕೆ ಅಂಟಿಕೊಳ್ಳುತ್ತದೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರು, ಅರ್ಥಿಂಗ್ ಇಲ್ಲದ ಪ್ಲಗ್ಗು, ಲ್ಯಾಪ್‌ಟಾಪಿನ ಚಾರ್ಜರು ಎಲ್ಲವೂ ಪಾಲು ಹಾಕುತ್ತವೆ. ಗೇಟ್ ಹಾಕಿ ಮುಚ್ಚುವುದು ನನಗೆ ಹಿಡಿಸದು, ಅದು ನಾದದ ಕೊನೆಯನ್ನೂ ಕತ್ತರಿಸುತ್ತದೆ. ಚಾರ್ಜರ್ ಕಿತ್ತೆವು, ಫ್ಯಾನ್ ಆರಿಸಿದೆವು, ಗಿಟಾರ್ ಹಿಡಿದು ಕೋಣೆಯಲ್ಲಿ ನಿಧಾನವಾಗಿ ತಿರುಗಲು ಹೇಳಿದೆ. ಕಿಟಕಿಯ ಕಡೆ ಮುಖ ಮಾಡಿದಾಗ ಗುನುಗು ತಗ್ಗಿತು. ಅಲ್ಲೇ ಸ್ಟೂಲ್ ಹಾಕಿದಳು. ಕಂಪ್ರೆಶನ್ನನ್ನೂ 3ರಿಂದ 4 ಡೆಸಿಬಲ್‌ಗೆ ಇಳಿಸಿದೆವು.

ಲಿಮಿಟರಿಗೆ ಅದರ ಜಾಗ ಕೊಡಬೇಕು, ಅದು ಎಲ್ಲ ಮುಗಿದ ಮೇಲೆ, ಮಾಸ್ಟರಿನ ಕಟ್ಟಕಡೆಯಲ್ಲಿ. ಮಿತಿ ಸೊನ್ನೆಗಿಂತ 1 ಡೆಸಿಬಲ್ ಕೆಳಗೆ ಇಡಿ, ಒಂದೆರಡು ಡೆಸಿಬಲ್ ಕುಗ್ಗಿಸಿದರೆ ಸಾಕು. ಸ್ಪಾಟಿಫೈ ಹೇಗೂ ಹಾಡುಗಳನ್ನು ಜೋರಿನ ಅಳತೆಯಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್ ಸುತ್ತಮುತ್ತಲ ಮಟ್ಟಕ್ಕೆ ತಂದು ಕೇಳಿಸುತ್ತದೆ. ಅದಕ್ಕಿಂತ ಬಹಳ ಜೋರು ಮಾಡಿ ಕಳಿಸಿದ್ದನ್ನು ಅದು ಇಳಿಸುತ್ತದೆ, ನಾವು ಅದುಮಿದ ಜೀವ ಮಾತ್ರ ವಾಪಸು ಬರುವುದಿಲ್ಲ.

ಕಂಪ್ರೆಸರ್ ಇಲ್ಲದೆಯೂ ಆಗುತ್ತದೆಯೇ ಎಂದು ಅವಳು ಕೇಳಿದಳು. ವಿಶ್ವಮೋಹನ ಭಟ್ಟರ ಮೋಹನವೀಣೆ ಮತ್ತು ರೈ ಕೂಡರ್ ಅವರ ಸ್ಲೈಡ್ ಗಿಟಾರ್ ಸೇರಿದ ‘ಎ ಮೀಟಿಂಗ್ ಬೈ ದ ರಿವರ್’ ಹಾಕಿ ಕೇಳಿಸಿದೆ. 1993ರಲ್ಲಿ ಬಂದ, ಗ್ರ್ಯಾಮಿ ಗೆದ್ದ ಆಲ್ಬಂ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಒಂದು ಚಾಪೆಲ್ಲಿನಲ್ಲಿ, ಬ್ಲಮ್ಲೈನ್ ಎಂಬ ಸ್ಟೀರಿಯೊ ಕ್ರಮದಲ್ಲಿ ಮೈಕ್ ಜೋಡಿಸಿ, ಟೇಪಿನ ಮೇಲೆ, ಕಂಪ್ರೆಶನ್ ಆಗಲಿ ಲಿಮಿಟಿಂಗ್ ಆಗಲಿ ಇಲ್ಲದೆ ಹಿಡಿದದ್ದು. ಅಲ್ಲಿ ನಾದವನ್ನು ಹಿಡಿದು ನಿಲ್ಲಿಸಿದ್ದು ಆ ಕಟ್ಟಡದ ಗಾಳಿ. ನಮ್ಮ ಹತ್ತಡಿ ಕೋಣೆಯಲ್ಲಿ ನೇರ ಕೇಬಲ್ ಚುಚ್ಚಿ ನುಡಿಸುವ ಗಿಟಾರಿಗೆ ಆ ಗಾಳಿ ಸಿಗುವುದಿಲ್ಲ. ಅದಕ್ಕೇ ನಾವು 3 ಡೆಸಿಬಲ್ ಸಾಲ ಪಡೆಯುತ್ತೇವೆ.

ಎರಡನೇ ಸಂಜೆ ಮಳೆ ಬಂದು ಬೀದಿಯ ಕರೆಂಟು ಹೋಯಿತು. ಅವರ ಮನೆಯ ಇನ್ವರ್ಟರಿನ ಗುಂಡಿಯನ್ನೂ ಆರಿಸಿ ಬಾ ಅಂದೆ. ಲ್ಯಾಪ್‌ಟಾಪು ಬ್ಯಾಟರಿಯಲ್ಲಿತ್ತು, ಇಂಟರ್‌ಫೇಸಿಗೆ ಅದರಿಂದಲೇ ವಿದ್ಯುತ್ತು. ಗುನುಗು ಬೇರುಸಹಿತ ಹೋಗಿತ್ತು. ಕತ್ತಲಲ್ಲೇ ಒಂದೇ ಸಲಕ್ಕೆ ಹಾಡು ಮುಗಿಸಿ, ಕೊನೆಯ ಸ್ವರ ಬಿಟ್ಟು, ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟಳು. ಹಾಕಿಕೊಂಡೆ. ಪರದೆಯ ಮೇಲೆ ಮುಳ್ಳು ಸೊನ್ನೆಗೆ ಬಂದು ನಿಂತಿತ್ತು, ಮೂರನೇ ತಂತಿ ಇನ್ನೂ ನುಡಿಯುತ್ತಿತ್ತು.