‘ಏನೂ ಮಾಡಲ್ಲ’ ಎಂಬ ಮಾತು ಮತ್ತು ನಾಯಿಯ ಪಾಪ

ನಮ್ಮ ಬಡಾವಣೆಯ ಪಾರ್ಕಿಗೆ ದಿನಾ ಬೆಳಗ್ಗೆ ಆರೂವರೆಗೆ ಒಬ್ಬ ಅಜ್ಜಿ ಬರುತ್ತಿದ್ದರು. ಮೊಣಕಾಲು ನೋವಿಗೆ ಡಾಕ್ಟರು ದಿನಕ್ಕೆ ನಾಲ್ಕು ಸುತ್ತು ನಡೆಯಲು ಹೇಳಿದ್ದರಂತೆ. ಒಂದು ದಿನ ಚೈನು ಬಿಚ್ಚಿ ಬಿಟ್ಟಿದ್ದ ಲ್ಯಾಬ್ರಡಾರ್ ನಾಯಿಯೊಂದು ಓಡಿಬಂದು ಅವರ ಸೆರಗಿನತ್ತ ಹಾರಿತು. ಕಚ್ಚಲಿಲ್ಲ, ಆಟಕ್ಕೆ ಬಂದದ್ದು. ಅಜ್ಜಿ ಬೆದರಿ ಹಿಂದೆ ಸರಿದರು, ಕಲ್ಲುಬೆಂಚು ಸಿಕ್ಕಿದ್ದರಿಂದ ಬೀಳದೆ ಕೂತುಬಿಟ್ಟರು. ಆಚೆ ಬದಿಯಿಂದ ನಾಯಿಯ ಮಾಲೀಕ ಕೂಗಿ ಹೇಳಿದ: ‘ಏನೂ ಮಾಡಲ್ಲ ಅಜ್ಜಿ, ಹೆದರ್ಕೋಬೇಡಿ.’

ಹಾಗೆ ಹೇಳಿದವನು ನಾನೇ. ನಾಯಿಯೂ ನನ್ನದೇ. ಮರುದಿನದಿಂದ ಅಜ್ಜಿ ಪಾರ್ಕಿಗೆ ಬರುವುದನ್ನು ಬಿಟ್ಟರು. ಈಗ ಮನೆಯ ಮುಂದಿನ ರಸ್ತೆಯಲ್ಲಿ, ಹಾಲಿನ ಗಾಡಿ, ಸ್ಕೂಲ್ ವ್ಯಾನುಗಳ ನಡುವೆ ನಾಲ್ಕು ಸುತ್ತು ಹಾಕುತ್ತಾರೆ.

ಅಂದಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ಸಾಹಿತ್ಯ ಓದುವವರಿಗೆ ಒಂದು ಚಟ ಇರುತ್ತದೆ. ಕಾಡುವ ಮಾತೊಂದು ಸಿಕ್ಕರೆ ಅದನ್ನು ಪಠ್ಯದ ಹಾಗೆ ಎದುರಿಗಿಟ್ಟುಕೊಂಡು ಬಿಡಿಸಿ ನೋಡುತ್ತೇವೆ. ‘ಏನೂ ಮಾಡಲ್ಲ’ ಎಂಬುದರಲ್ಲಿ ಕರ್ತೃವೇ ಇಲ್ಲ. ಕನ್ನಡ ಅದಕ್ಕೆ ಅವಕಾಶ ಕೊಡುತ್ತದೆ. ಮಾಡದೆ ಇರುವುದು ನಾಯಿ, ಮಾತು ಕೊಡುವುದು ಮನುಷ್ಯ. ನಾಳೆಯ ಬಗ್ಗೆ, ಇನ್ನೊಂದು ಜೀವದ ಮನಸ್ಸಿನ ಬಗ್ಗೆ ಕೊಡುವ ಜಾಮೀನು ಇದು. ಇನ್ನು ‘ಏನೂ’ ಎಂಬ ಪದದ ಅಳತೆಯನ್ನು ನೋಡಿ. ನನ್ನ ಲೆಕ್ಕದಲ್ಲಿ ‘ಏನಾದರೂ ಮಾಡುವುದು’ ಎಂದರೆ ಕಚ್ಚುವುದು ಮಾತ್ರ. ಮೈಮೇಲೆ ಹಾರುವುದು, ಮೂಸುವುದು, ಮಗುವಿನ ಕೈಯ ಬಿಸ್ಕತ್ತಿಗೆ ಬಾಯಿ ಹಾಕುವುದು ಇವೆಲ್ಲ ‘ಏನೂ ಅಲ್ಲ’. ಅಜ್ಜಿಯ ಲೆಕ್ಕ ಬೇರೆ. ನಾಯಿಯ ಜೊತೆ ನನಗೆ ನಾಲ್ಕು ವರ್ಷದ ಪರಿಚಯ, ಅವರಿಗೆ ನಾಲ್ಕು ಕ್ಷಣದ್ದು. ನಾಲ್ಕು ವರ್ಷದ ನಂಬಿಕೆಯನ್ನು ನಾಲ್ಕು ಕ್ಷಣದಲ್ಲಿ ಒಪ್ಪಿಕೊಳ್ಳಿ ಎಂದು ನಾನು ಅವರಿಗೆ ಹೇಳುತ್ತಿದ್ದೆ.

ಇಂಥ ಮಾತು ನಮ್ಮ ಬಾಯಿಗೆ ಇಷ್ಟು ಸಲೀಸಾಗಿ ಬರುವುದು ಹೇಗೆ? ನಮ್ಮ ಓದಿಗೂ ಇದರಲ್ಲಿ ಪಾಲಿದೆ ಎಂದು ನನ್ನ ಗುಮಾನಿ. ನಾವು ಓದಿ ಬೆಳೆದ ನಾಯಿಯ ಕತೆಗಳೆಲ್ಲ ನಿಯತ್ತಿನ ಕತೆಗಳು. ಅವುಗಳಲ್ಲಿ ಇರುವುದು ಎರಡೇ ಪಾತ್ರ, ನಾಯಿ ಮತ್ತು ಒಡೆಯ. ದಾರಿಯಲ್ಲಿ ಹೋಗುವ ಮೂರನೆಯವರಿಗೆ ಅಲ್ಲಿ ಜಾಗ ಕಡಿಮೆ. ಅವರು ಬಂದರೂ ಕಳ್ಳರಾಗಿಯೋ ವೈರಿಯಾಗಿಯೋ ಬರುತ್ತಾರೆ. ಪಾರ್ಕು ಎಂಬುದು ಮೂರನೆಯವರಿಂದಲೇ ತುಂಬಿದ ಜಾಗ.

ತೇಜಸ್ವಿಯವರ ‘ಕರ್ವಾಲೊ’ ಮತ್ತು ‘ಪರಿಸರದ ಕತೆ’ ಓದಿದವರಿಗೆ ಕಿವಿ ಎಂಬ ನಾಯಿ ಮರೆಯುವುದಿಲ್ಲ. ಕಾಡು, ತೋಟ, ಗದ್ದೆ ಎನ್ನದೆ ಅದು ಅಲೆಯುವುದನ್ನು ಓದುವಾಗ ನಾಯಿಯೆಂದರೆ ಹೀಗಿರಬೇಕು ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ನಾಯಿ ಸಾಕಿಕೊಂಡ ನನ್ನಂಥವನು ಅದಕ್ಕೂ ಒಂದಿಷ್ಟು ಮಲೆನಾಡು ಸಿಗಲಿ ಎಂದು ಪಾರ್ಕಿನ ಗೇಟು ದಾಟಿದ ಕೂಡಲೇ ಚೈನು ಬಿಚ್ಚುತ್ತಾನೆ. ತಪ್ಪು ತೇಜಸ್ವಿಯವರದಲ್ಲ. ಮೂಡಿಗೆರೆಯ ತೋಟದಲ್ಲಿ ಬಿಟ್ಟ ನಾಯಿಗೆ ಅದರದೇ ನೆಲವಿತ್ತು. ಅಲ್ಲಿ ಎದುರು ಸಿಗುವವರಿಗೆ ಅದು ಯಾರ ಮನೆಯ ನಾಯಿಯೆಂದು ಗೊತ್ತಿರುತ್ತದೆ. ಎರಡು ಎಕರೆಯ ಬಡಾವಣೆ ಪಾರ್ಕಿನಲ್ಲಿ ಆ ನೆಲವೂ ಇಲ್ಲ, ಆ ಪರಿಚಯವೂ ಇಲ್ಲ. ಕತೆಯ ಸ್ವಾತಂತ್ರ್ಯವನ್ನು ಕತೆಯ ನೆಲದಿಂದ ಕಿತ್ತು ತಂದದ್ದು ಓದುಗನ ತಪ್ಪು.

ಆದರೆ ನಮ್ಮಲ್ಲಿ ಮೂರನೆಯವರಿರುವ ಪಠ್ಯಗಳೂ ಇವೆ. ನಿಯತ್ತಿನ ಕನ್ನಡಕ ಹಾಕಿಕೊಂಡು ಓದಿದ್ದರಿಂದ ನಾವು ಅವರನ್ನು ಗಮನಿಸಿಲ್ಲ, ಅಷ್ಟೆ.

ಮೊದಲನೆಯದು ಆತಕೂರಿನ ಶಾಸನ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಶಕ 872ರ, ಅಂದರೆ ಕ್ರಿ.ಶ. 949-50ರ ಕಲ್ಲು ಅದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ, ಅವನ ಕೈಕೆಳಗಿನ ಮಣಲೆರ ಇವರಿಬ್ಬರ ಪರಾಕ್ರಮವನ್ನು ಅದು ಹೇಳುತ್ತದೆ. ಒಡೆಯ ಮೆಚ್ಚಿದಾಗ ಮಣಲೆರ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಕಾದಾಡಿ, ಹಂದಿ ನಾಯಿ ಎರಡೂ ಸತ್ತವು. ಮಣಲೆರ ಊರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗೆ ಗದ್ದೆ ಬಿಟ್ಟ. ಕಲ್ಲಿನ ನೆತ್ತಿಯಲ್ಲಿ ನಾಯಿ ಹಂದಿಗಳ ಕಾಳಗ ಕೊರೆದಿದೆ.

ನಾಯಿಗೂ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು ಎಂದು ಹೆಮ್ಮೆಪಡುವುದಕ್ಕೆ ಈ ಕಲ್ಲನ್ನು ಬಳಸುತ್ತೇವೆ. ಸರಿಯೇ. ಆದರೆ ಶಾಸನದ ಕೊನೆಯ ಭಾಗವನ್ನು ನಿಧಾನವಾಗಿ ಓದಬೇಕು. ದತ್ತಿಯನ್ನು ಕೆಡಿಸಿದವರಿಗೆ ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎನ್ನುವುದು ಶಾಸನಗಳಲ್ಲಿ ನಾವು ಮತ್ತೆ ಮತ್ತೆ ಕಾಣುವ ಮಾತು. ಇಲ್ಲಿ ಹಾಗಿಲ್ಲ. ಈ ಮಣ್ಣನ್ನು ಕೆಡಿಸಿದವನು, ಕಲ್ಲನ್ನು ಪೂಜಿಸದೆ ಉಂಡ ಗೊರವ ಇವರು ನಾಯಿ ಮಾಡಿದ ಪಾಪವನ್ನು ಹೊರುತ್ತಾರೆ ಎಂದಿದೆ.

ನಾಯಿ ಮಾಡಿದ ಪಾಪ ಯಾವುದು? ಬೇಟೆಯಾಡಿದ್ದೆ? ಕೊಂದದ್ದೆ? ಶಾಸನ ವಿವರಿಸುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆಯದು. ಹೊಗಳಲೆಂದೇ ನಿಲ್ಲಿಸಿದ ಕಲ್ಲಿನಲ್ಲೂ ನಾಯಿಗೆ ಪಾಪವೆಂಬುದು ಇದೆ ಎಂದು ಶಾಸನ ಒಪ್ಪಿಕೊಳ್ಳುತ್ತದೆ. ಆ ಪಾಪವನ್ನು ನಾಯಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದಿಲ್ಲ. ಕಲ್ಲಿನ ದೆಸೆಯಿಂದ ಉಣ್ಣುವವನು ತನ್ನ ಕರ್ತವ್ಯ ತಪ್ಪಿದರೆ ಆ ಪಾಪ ಅವನ ಪಾಲಿಗೆ ಬರುತ್ತದೆ. ನಾಯಿಯ ಕೀರ್ತಿಯಲ್ಲಿ ಪಾಲು ಬೇಕೆನ್ನುವವನು ಅದರ ಪಾಪದಲ್ಲೂ ಪಾಲುದಾರ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ನಮ್ಮ ನಾಯಿ ಶೇಕ್‌ಹ್ಯಾಂಡ್ ಕೊಟ್ಟರೆ ‘ನಾನೇ ಕಲಿಸಿದ್ದು’ ಎನ್ನುತ್ತೇವೆ. ಅದು ಅಜ್ಜಿಯ ಮೇಲೆ ಹಾರಿದರೆ ‘ನಾಯಿ ಬುದ್ಧಿ, ಏನು ಮಾಡೋದು’ ಎನ್ನುತ್ತೇವೆ. ಸಾವಿರ ವರ್ಷ ಹಿಂದಿನ ಆ ಶಾಸನಕಾರ ಈ ಎರಡನೇ ಮಾತನ್ನು ಒಪ್ಪುತ್ತಿರಲಿಲ್ಲ.

ಎರಡನೆಯದು ಮಹಾಭಾರತ. ವ್ಯಾಸಭಾರತದ ಆದಿಯಲ್ಲೊಂದು ನಾಯಿ, ಅಂತ್ಯದಲ್ಲೊಂದು ನಾಯಿ ಇದೆ. ಆದಿಪರ್ವದಲ್ಲಿ ಜನಮೇಜಯ ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ಸತ್ರಯಾಗ ಮಾಡುತ್ತಿರುವಾಗ ಸರಮೆಯ ಮರಿ ಅಲ್ಲಿಗೆ ಬರುತ್ತದೆ. ತಮ್ಮಂದಿರು ಹೊಡೆದು ಓಡಿಸುತ್ತಾರೆ. ಮರಿ ಅಳುತ್ತ ಬಂದಾಗ ಸರಮೆ ಮೊದಲು ಕೇಳುವುದು, ನೀನೇ ಏನೋ ತಪ್ಪು ಮಾಡಿರಬೇಕು ಎಂದು. ಇಲ್ಲ, ಹವಿಸ್ಸನ್ನು ನೆಕ್ಕಲಿಲ್ಲ, ಅತ್ತ ನೋಡಲೂ ಇಲ್ಲ ಎಂದು ಮರಿ ಹೇಳಿದ ಮೇಲಷ್ಟೇ ಆಕೆ ಯಾಗಶಾಲೆಗೆ ಹೋಗಿ ಏಕೆ ಹೊಡೆದಿರಿ ಎಂದು ಪ್ರಶ್ನಿಸುತ್ತಾಳೆ. ಅವರು ಉತ್ತರ ಕೊಡುವುದಿಲ್ಲ. ಕಾಣದ ಭಯವೊಂದು ನಿಮಗೆ ಬರಲಿ ಎಂದು ಶಪಿಸುತ್ತಾಳೆ.

ಇದನ್ನು ಮೂಕಪ್ರಾಣಿಯ ಮೇಲಿನ ದೌರ್ಜನ್ಯದ ಕತೆಯೆಂದು ಓದುವುದು ವಾಡಿಕೆ. ಅದು ಹೌದು. ನಾಯಿಗೆ ಕಲ್ಲೆಸೆಯುವವರು, ಚೈನಿನಲ್ಲಿ ನಡೆಯುವ ನಾಯಿಯನ್ನೂ ಅಟ್ಟಿಸುವವರು ಓದಲೇಬೇಕಾದ ಕತೆ. ಆದರೆ ಸರಮೆಯ ಮೊದಲ ಪ್ರಶ್ನೆ ನಾಯಿ ಸಾಕುವ ನಮಗೆ ಸೇರಿದ್ದು. ಹೆತ್ತ ತಾಯಿಯಾಗಿಯೂ ಆಕೆ ‘ನನ್ನ ಮರಿ ಏನೂ ಮಾಡಲ್ಲ’ ಎಂದು ಹೊರಡಲಿಲ್ಲ. ಮೊದಲು ತನ್ನ ಮರಿಯನ್ನು ವಿಚಾರಿಸಿದಳು. ಮರಿ ಹೇಳಿದ್ದು ‘ಏನೂ ಮಾಡಿಲ್ಲ’ ಎಂದು, ಆಗಿಹೋದದ್ದರ ಸಾಕ್ಷಿ. ನಾವು ಹೇಳುವುದು ‘ಏನೂ ಮಾಡಲ್ಲ’ ಎಂದು, ಆಗಬೇಕಾದದ್ದರ ಭರವಸೆ. ಒಂದೇ ಅಕ್ಷರ ಆಚೀಚೆ. ಮೊದಲನೆಯದನ್ನು ಪರೀಕ್ಷಿಸಬಹುದು, ಎರಡನೆಯದನ್ನು ಯಾವ ಪಾರ್ಕಿನಲ್ಲೂ ಪರೀಕ್ಷಿಸಲಾಗದು.

ಮಹಾಪ್ರಸ್ಥಾನದ ಕೊನೆಯಲ್ಲಿ ಧರ್ಮರಾಯನ ಹಿಂದೆ ಉಳಿಯುವುದು ಒಂದು ನಾಯಿ. ಅವನು ಸಾಕಿದ್ದಲ್ಲ, ತಾನಾಗಿ ಹಿಂದೆ ಬಂದದ್ದು. ರಥ ತಂದ ಇಂದ್ರ, ನಾಯಿ ಇಟ್ಟುಕೊಂಡವರಿಗೆ ಸ್ವರ್ಗದಲ್ಲಿ ಜಾಗವಿಲ್ಲ ಎನ್ನುತ್ತಾನೆ. ಧರ್ಮರಾಯನ ಉತ್ತರ ಎಲ್ಲರಿಗೂ ಗೊತ್ತು, ನಂಬಿ ಬಂದದ್ದನ್ನು ಬಿಡಲಾರೆ. ಆದರೆ ಅವನು ಹೇಳದೆ ಬಿಟ್ಟದ್ದನ್ನೂ ಗಮನಿಸಬೇಕು. ಈ ನಾಯಿ ಸಾಧು, ಇದರಿಂದ ಯಾರಿಗೂ ತೊಂದರೆಯಿಲ್ಲ, ಒಳಗೆ ಬಿಡಿ ಎಂದು ಅವನು ವಾದಿಸುವುದಿಲ್ಲ. ಸ್ವರ್ಗದ ನಿಯಮದಿಂದ ಬರುವ ನಷ್ಟವನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ: ನಾಯಿಗೆ ಜಾಗವಿಲ್ಲವಾದರೆ ನನಗೂ ಬೇಡ. ನಾಯಿಯ ಮೇಲಿನ ಪ್ರೀತಿಯ ಬೆಲೆಯನ್ನು ಅವನೇ ತೆತ್ತ, ಸ್ವರ್ಗದ ನಿವಾಸಿಗಳ ಮೇಲೆ ಹಾಕಲಿಲ್ಲ. ನನ್ನ ಪ್ರೀತಿಯ ಬೆಲೆಯನ್ನು ನಮ್ಮ ಪಾರ್ಕಿನಲ್ಲಿ ತೆತ್ತವರು ಆ ಅಜ್ಜಿ.

ಈ ರಥದ ಚಿತ್ರದ ಪಕ್ಕದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಇಟ್ಟು ನೋಡಿ. ಗುತ್ತಿಗೆ ನಾಯಿಗುತ್ತಿ ಎಂಬ ಹೆಸರು ಬಂದದ್ದೇ ಹುಲಿಯನಿಂದ. ಕೊನೆಗೆ ಒಡೆಯ ದಾಟಿದ ತುಂಗೆಯನ್ನು ಹುಲಿಯ ದಾಟಲಾಗುವುದಿಲ್ಲ, ಹೊಳೆ ಎಳೆದುಕೊಂಡು ಹೋಗುತ್ತದೆ. ಓದಿದವರೆಲ್ಲ ಅಲ್ಲಿ ಅಳುತ್ತೇವೆ. ನಿಯತ್ತಿಗೆ ಅಳುತ್ತೇವೆ ಎಂದುಕೊಂಡಿದ್ದೆ. ಈಗ ಓದಿದರೆ ಬೇರೆ ಸಂಕಟ ಕಾಣುತ್ತದೆ. ಹುಲಿಯನ ನಂಬಿಕೆಗೆ ಮಿತಿಯಿಲ್ಲ, ಗುತ್ತಿಯ ಕೈಯಲ್ಲಿರುವುದಕ್ಕೆ ಮಿತಿಯಿದೆ. ನಾಯಿಗೆ ಹೊಳೆಯ ಅಂದಾಜಿಲ್ಲ, ಅದಕ್ಕೆ ಕಾಣುವುದು ಆಚೆ ಹೋಗುತ್ತಿರುವ ಒಡೆಯ ಮಾತ್ರ. ಅಪಾಯವನ್ನು ಅಂದಾಜು ಮಾಡುವ ಕೆಲಸ ಯಾವಾಗಲೂ ಮನುಷ್ಯನದೇ. ಕೈಯಲ್ಲಿ ಹಿಡಿದ ಚೈನು ಆ ಅಂದಾಜಿನ ಇನ್ನೊಂದು ಹೆಸರು. ಪಾರ್ಕಿನ ಗೇಟಿನಾಚೆ ಬಸ್ಸು ಓಡುತ್ತದೆ ಎಂಬುದೂ ನಾಯಿಗೆ ಗೊತ್ತಿರುವುದಿಲ್ಲ.

ಆತಕೂರಿನ ಕಲ್ಲು ಇಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಅಂಟಿಕೊಂಡಂತೆ ಕಬ್ಬನ್ ಪಾರ್ಕ್. 2022ರಲ್ಲಿ ತೋಟಗಾರಿಕೆ ಇಲಾಖೆ ಆ ಪಾರ್ಕಿಗೆ ಸಾಕುನಾಯಿಗಳ ಪ್ರವೇಶವನ್ನೇ ನಿಷೇಧಿಸಲು ಹೊರಟಿತ್ತು. ಚೈನು ಹಾಕುವುದಿಲ್ಲ, ಹೇಲು ಎತ್ತುವುದಿಲ್ಲ ಎಂಬ ದೂರುಗಳೇ ಕಾರಣ. ನಾಯಿಪ್ರಿಯರು ಸಹಿ ಸಂಗ್ರಹಿಸಿ ವಿರೋಧಿಸಿದರು, ನಿಷೇಧ ಜಾರಿಯಾಗಲಿಲ್ಲ. ನಾನೂ ಆ ವಿರೋಧದ ಕಡೆಯವನೇ. ಆದರೆ ನಿಷೇಧದ ಮಾತು ಹುಟ್ಟಿದ್ದು ನಾಯಿಗಳ ನಡತೆಯಿಂದಲ್ಲ, ನಮ್ಮ ನಡತೆಯಿಂದ. ಅಷ್ಟನ್ನಾದರೂ ಒಪ್ಪಿಕೊಳ್ಳಬೇಕು. ಕಾನೂನಿನ ಭಾಷೆಯೂ ಹಾಗೆಯೇ ಇದೆ. ಹಳೆಯ ಐಪಿಸಿಯ 289ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಎರಡೂ ಪ್ರಾಣಿಯನ್ನು ದೂರುವುದಿಲ್ಲ. ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದ ಮನುಷ್ಯನನ್ನು ಹಿಡಿಯುತ್ತವೆ. ಆರು ತಿಂಗಳವರೆಗೆ ಸಜೆ, ಈಗ 5,000 ರೂಪಾಯಿವರೆಗೆ ದಂಡ. ನಾಯಿ ಮಾಡಿದ ಪಾಪ ಯಾರದು ಎಂಬುದರಲ್ಲಿ ಶಾಸನಕ್ಕೂ ಸಂಹಿತೆಗೂ ಭಿನ್ನಾಭಿಪ್ರಾಯವಿಲ್ಲ.

ನಾಯಿಗೆ ಓಡಾಟ ಬೇಡವೆ ಎಂಬ ಪ್ರಶ್ನೆ ನಿಜವಾದದ್ದು. ಬೇಕೇಬೇಕು. ಅದಕ್ಕೆ ಇಪ್ಪತ್ತು ಮೂವತ್ತು ಅಡಿಯ ಹಗ್ಗ ಸಿಗುತ್ತದೆ. ಬೇಲಿ ಹಾಕಿದ ಜಾಗಗಳು ಕೆಲವೆಡೆ ಇವೆ, ಕಬ್ಬನ್ ಪಾರ್ಕಿನೊಳಗೂ ಇದೆ. ಇಲ್ಲದ ಕಡೆ ಬೇಕೆಂದು ಪಾಲಿಕೆಯನ್ನು ಕೇಳಬಹುದು. ಕರೆದರೆ ತಿರುಗಿ ಬರುವುದನ್ನು ಕಲಿಸಲು ತಿಂಗಳುಗಟ್ಟಲೆ ಬೇಕು, ಕಲಿಸದೆ ಬಿಡುವುದು ಸ್ವಾತಂತ್ರ್ಯವಲ್ಲ. ಚೈನಿನಲ್ಲಿರುವ ಇನ್ನೊಂದು ನಾಯಿಯತ್ತ ನಮ್ಮ ಬಿಟ್ಟ ನಾಯಿ ನುಗ್ಗಿದಾಗ ಅದಕ್ಕೆ ಓಡಿಹೋಗುವ ದಾರಿ ಇರುವುದಿಲ್ಲ, ಹಾಗಾಗಿ ಹಲ್ಲು ತೋರಿಸುತ್ತದೆ. ಬೈಗುಳ ತಿನ್ನುವುದು ನಿಯಮ ಪಾಲಿಸಿದ ನಾಯಿ. ಇನ್ನು, ‘ಬೀದಿನಾಯಿಗಳು ಬಿಟ್ಟೇ ಇವೆಯಲ್ಲ’ ಎನ್ನುವವರಿಗೆ ಹೇಳುವುದು ಇಷ್ಟೆ: ಬೀದಿನಾಯಿಗೆ ಒಡೆಯನಿಲ್ಲ, ಅದರ ಹೊಣೆ ಊರಿನದು. ನನ್ನ ನಾಯಿಗೆ ನಾನಿದ್ದೇನೆ. ರೇಬಿಸ್ ಲಸಿಕೆ ವರ್ಷ ತಪ್ಪದೆ ಹಾಕಿಸುವುದು, ಜೇಬಿನಲ್ಲಿ ಕವರು ಇಟ್ಟುಕೊಂಡು ಹೇಲು ಎತ್ತುವುದು, ಚೈನು ಹಿಡಿಯುವುದು, ಇದೆಲ್ಲ ಸೇರಿದರೆ ‘ಇದು ನನ್ನ ನಾಯಿ’ ಎಂಬ ಮಾತು ಪೂರ್ತಿಯಾಗುತ್ತದೆ. ಇಲ್ಲದಿದ್ದರೆ ‘ಸಾರ್, ಸ್ವಲ್ಪ ಚೈನ್ ಹಾಕಿ ಸಾರ್’ ಎಂದು ಅಂಜುತ್ತ ಹೇಳುವ ಕೆಲಸ ಪಾರ್ಕಿನ ವಾಚ್‌ಮನ್ ಪಾಲಿಗೆ ಬೀಳುತ್ತದೆ. ಅವರ ಮಾತನ್ನು ನಮ್ಮಲ್ಲಿ ಎಷ್ಟು ಜನ ಕೇಳುತ್ತೇವೆಂಬುದು ನಮಗೇ ಗೊತ್ತು.

ಹೋದ ತಿಂಗಳು ಧೈರ್ಯ ಮಾಡಿ ಅಜ್ಜಿಯ ಮನೆಗೆ ಹೋಗಿ ತಪ್ಪಾಯಿತು ಎಂದೆ. ಕಾಫಿ ಕೊಟ್ಟರು. ‘ಅಯ್ಯೋ, ನಾಯಿ ಪಾಪ, ಅದೇನೂ ಮಾಡಿಲ್ಲಪ್ಪ’ ಅಂದರು. ಪಾರ್ಕಿಗೆ ಬನ್ನಿ, ಈಗ ಚೈನು ಹಾಕಿರುತ್ತೇನೆ ಎಂದೆ. ‘ನೋಡೋಣ’ ಅಂದರು.

ಇನ್ನೂ ಬಂದಿಲ್ಲ. ಕಳೆದುಕೊಂಡ ನಂಬಿಕೆ ಒಂದು ಕಪ್ ಕಾಫಿಯಲ್ಲಿ ತಿರುಗಿ ಬರುವುದಿಲ್ಲ. ನಾನು ಮಾತ್ರ ಆರೂವರೆಗೆ ಚೈನು ಸುತ್ತಿದ ಕೈಯಲ್ಲೇ ನಾಲ್ಕು ಸುತ್ತು ಹಾಕುತ್ತೇನೆ. ಯಾರಾದರೂ ಎದುರು ಬಂದರೆ ಬದಿಗೆ ಸರಿದು ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ‘ಏನೂ ಮಾಡಲ್ಲ’ ಎಂದು ಈಗ ಯಾರಿಗೂ ಹೇಳುವುದಿಲ್ಲ.