ಒಂದು ಹನಿ ರಕ್ತದ ಪ್ರಾಮಾಣ್ಯ

ರೋಗಿಯ ದೇಹದಲ್ಲಿ ಔಷಧವು ಎಷ್ಟು ಪ್ರಮಾಣದಲ್ಲಿದೆ ಎಂಬುದನ್ನು ಅರಿಯಲು ತೋಳಿನ ಸಿರೆಯಿಂದ ಕೆಲವು ಮಿಲಿಲೀಟರ್ ರಕ್ತ ತೆಗೆಯುವುದು ವಾಡಿಕೆ. ಅದರ ಬದಲು ಬೆರಳ ತುದಿಯ ಒಂದು ಹನಿಯನ್ನು, ಅಂದರೆ ಹತ್ತಿಪ್ಪತ್ತು ಮೈಕ್ರೊಲೀಟರ್ ರಕ್ತವನ್ನು, ಶೋಧಕ ಕಾಗದದ ಮೇಲೆ ಒಣಗಿಸಿ ವಿಶ್ಲೇಷಿಸುವುದೇ ಸೂಕ್ಷ್ಮ ಮಾದರಿ ವಿಧಾನ. ನವಜಾತ ಶಿಶುಗಳ ಚಯಾಪಚಯ ದೋಷವನ್ನು ಇಂತಹ ಒಣ ಹನಿಯಿಂದ ಪತ್ತೆ ಮಾಡುವ ಕ್ರಮವನ್ನು ರಾಬರ್ಟ್ ಗತ್ರಿ ಮತ್ತು ಆಡಾ ಸೂಸಿ 1963ರಲ್ಲಿ ಪ್ರಕಟಿಸಿದರು. ಮಣಿಪಾಲದಲ್ಲಿ ಔಷಧ ವಿಜ್ಞಾನದ ಕಾಲೇಜು ಆರಂಭವಾದದ್ದೂ ಅದೇ ವರ್ಷ ಎಂಬುದು ಕೇವಲ ಕಾಕತಾಳೀಯ. ಕರ್ನಾಟಕದ 1,12,269 ನವಜಾತ ಶಿಶುಗಳ ಅಮೈನೋ ಆಮ್ಲ ತಪಾಸಣೆಯ ಫಲಿತಾಂಶವನ್ನು ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದರು.

ಶಿಶು ತಪಾಸಣೆಯ ಪ್ರಶ್ನೆ ‘ದೋಷವಿದೆಯೇ, ಇಲ್ಲವೇ’ ಎಂಬುದು. ಔಷಧ ವಿಶ್ಲೇಷಣೆಯ ಪ್ರಶ್ನೆ ‘ಎಷ್ಟು’ ಎಂಬುದು. ಮೊದಲನೆಯದರಲ್ಲಿ ಗೆದ್ದ ಕಾಗದ ಎರಡನೆಯದರಲ್ಲಿಯೂ ಗೆಲ್ಲುತ್ತದೆಂದು ಭಾವಿಸುವುದೇ ಈ ಕ್ಷೇತ್ರದ ಅನೇಕ ಪ್ರಬಂಧಗಳ ದೌರ್ಬಲ್ಯ. ದ್ರವ ಕ್ರೊಮಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೀಟರುಗಳ ಸೂಕ್ಷ್ಮತೆಯನ್ನು ವಿವರಿಸಲು ಪುಟಗಟ್ಟಲೆ ಮೀಸಲಾಗುತ್ತದೆ. ಹನಿಯನ್ನು ಕುರಿತು ಬರುವುದು ಒಂದೆರಡು ವಾಕ್ಯ ಮಾತ್ರ.

ರಕ್ತದಲ್ಲಿ ಕೆಂಪುಕಣಗಳು ಆಕ್ರಮಿಸುವ ಭಾಗವನ್ನು ಹೆಮಟೋಕ್ರಿಟ್ ಎನ್ನುತ್ತಾರೆ. ಅದು ಕಡಿಮೆಯಾದಾಗ ರಕ್ತ ತೆಳುವಾಗಿ ಕಾಗದದಲ್ಲಿ ಅಗಲವಾಗಿ ಹರಡುತ್ತದೆ. ಆ ಕಲೆಯಿಂದ 3 ಮಿಲಿಮೀಟರ್ ವ್ಯಾಸದ ಬಿಲ್ಲೆಯನ್ನು ಕತ್ತರಿಸಿದರೆ ಅದರಲ್ಲಿ ಸಿಗುವ ರಕ್ತವೇ ಕಡಿಮೆ. ಮೂತ್ರಪಿಂಡ ಕಸಿಯಾದವರು ಸೇವಿಸುವ ಟ್ಯಾಕ್ರೊಲಿಮಸ್ ಬಹುಪಾಲು ಕೆಂಪುಕಣಗಳಲ್ಲಿಯೇ ನೆಲೆಸುವುದರಿಂದ, ರಕ್ತಹೀನತೆಯಿರುವ ರೋಗಿಯಲ್ಲಿ ಅದರ ಪೂರ್ಣರಕ್ತದ ಪ್ರಮಾಣ ಮೊದಲೇ ತಗ್ಗಿರುತ್ತದೆ. ಬಿಲ್ಲೆಯ ನ್ಯೂನತೆ ಅದನ್ನು ಮತ್ತಷ್ಟು ತಗ್ಗಿಸಿ ತೋರಿಸುತ್ತದೆ. ಆ ಅಂಕಿಯನ್ನು ನಂಬಿ ಮಾತ್ರೆ ಹೆಚ್ಚಿಸಿದರೆ, ಕಾಪಾಡಬೇಕಾದ ಮೂತ್ರಪಿಂಡಕ್ಕೇ ಹಾನಿ. ಅಪಸ್ಮಾರದ ಫೆನಿಟೋಯಿನ್ ವಿಷಯ ಇದಕ್ಕಿಂತ ವಿಚಿತ್ರ. ಅದು ಹೆಚ್ಚಾಗಿ ಪ್ಲಾಸ್ಮಾದಲ್ಲಿರುವುದರಿಂದ ತೆಳು ರಕ್ತದಲ್ಲಿ ಅದರ ಪಾಲು ಏರುತ್ತದೆ, ಬಿಲ್ಲೆಯ ರಕ್ತ ಇಳಿಯುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಅಳಿಸಿಕೊಂಡು ಸರಿಯಾದ ಅಂಕಿ ಬರಬಹುದು. ಅದನ್ನು ವಿಧಾನದ ನಿಖರತೆಯೆಂದು ಕರೆಯಲಾಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ರಕ್ತಹೀನರೆಂದು ಕಂಡುಬಂದಿರುವಾಗ, ಆರೋಗ್ಯವಂತ ಸ್ವಯಂಸೇವಕರ ರಕ್ತದಲ್ಲಿ ಮಾತ್ರ ಪರೀಕ್ಷಿಸಿದ ವಿಧಾನ ಯಾರಿಗಾಗಿ ಎಂಬ ಪ್ರಶ್ನೆ ಏಳುವುದು ಸಹಜ.

ಫಿಲಿಪ್ ಡೆನಿಫ್ ಮತ್ತು ನೀಲ್ ಸ್ಪೂನರ್ 2014ರಲ್ಲಿ ಮುಂದಿಟ್ಟ ಹೀರುತುದಿಯ ಸಾಧನವು ಹೆಮಟೋಕ್ರಿಟ್ ಎಷ್ಟೇ ಇರಲಿ, ಸರಿಸುಮಾರು ಒಂದೇ ಗಾತ್ರದ ರಕ್ತವನ್ನು ಹೀರುತ್ತದೆ. ಇದು ನಿಜವಾದ ಮುನ್ನಡೆ. ಆದರೆ ಒಣಗಿದ ತುದಿಯಿಂದ ಔಷಧವನ್ನು ಮರಳಿ ಪಡೆಯುವಾಗ ಹೆಮಟೋಕ್ರಿಟ್ಟಿನ ಪ್ರಭಾವ ಹಿಂಬಾಗಿಲಿನಿಂದ ಪ್ರವೇಶಿಸಬಲ್ಲದು. ಬೆಲೆಯ ಮಾತು ಬೇರೆ.

ಉಡುಪಿ ಜಿಲ್ಲೆಯ ಭೂಗೋಳ ಈ ಚರ್ಚೆಗೆ ಹೊರಗಿನದಲ್ಲ. ವಿಶ್ಲೇಷಣೆಯ ಯಂತ್ರ ಮಣಿಪಾಲದಲ್ಲಿ, ರೋಗಿ ಕಾರ್ಕಳದ ಒಳನಾಡಿನಲ್ಲಿ ಅಥವಾ ಕಾಪುವಿನ ಕಡಲತೀರದಲ್ಲಿ. ಟ್ಯಾಕ್ರೊಲಿಮಸ್ ಅಳೆಯಲು ರಕ್ತವನ್ನು ಬೆಳಗಿನ ಮಾತ್ರೆಗೆ ಮುಂಚೆಯೇ ತೆಗೆಯಬೇಕು; ಆದ್ದರಿಂದ ರೋಗಿ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಬೇಕಾಗುತ್ತದೆ. ಮನೆಯಲ್ಲೇ ಹನಿ ತೆಗೆದು ಅಂಚೆಗೆ ಹಾಕುವಂತಾದರೆ ಉಳಿಯುವುದು ಒಂದು ದಿನದ ಕೂಲಿ. ಈ ವಿಧಾನದ ಪರವಾಗಿ ಇದಕ್ಕಿಂತ ದೊಡ್ಡ ವಾದ ಬೇಕಿಲ್ಲ.

ಆದರೆ ಆಷಾಢದ ಕಾರ್ಕಳದಲ್ಲಿ ಬಟ್ಟೆಯೇ ಒಣಗದು. ರಕ್ತದ ಕಲೆ ಸಾಮಾನ್ಯ ಕೊಠಡಿಯಲ್ಲಿ ಎರಡು ಮೂರು ಗಂಟೆ ಒಣಗಬೇಕೆಂಬ ಸೂಚನೆ ಹವಾನಿಯಂತ್ರಿತ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ತೇವಾಂಶ ಉಳಿದರೆ ಕೆಲವು ಔಷಧಗಳು ಕಾಗದದಲ್ಲಿಯೇ ವಿಘಟನೆಗೊಳ್ಳುತ್ತವೆ. ತೇವಹೀರಕ ಪುಡಿಯ ಪೊಟ್ಟಣದೊಂದಿಗೆ ಮುಚ್ಚಿದ ಚೀಲದಲ್ಲಿಡುವುದು ಒಂದು ಪರಿಹಾರ. ಒಣಗುವ ಮುನ್ನ ಮುಚ್ಚಿದರೆ ಅದೂ ಅಪಾಯವೇ.

2022ರಲ್ಲಿ ಅಂಗೀಕೃತವಾದ ಐಸಿಎಚ್ ಎಂ10 ಮಾರ್ಗಸೂಚಿಯು ಒಣ ಮಾದರಿಗಳಿಗೆ ಹೆಮಟೋಕ್ರಿಟ್ ಮತ್ತು ಏಕರೂಪತೆಯ ಹೆಚ್ಚುವರಿ ಪರಿಶೀಲನೆ ಕೇಳುತ್ತದೆ. ರೋಗಿಗಳ ಮಾದರಿಯನ್ನೇ ಮತ್ತೊಮ್ಮೆ ಅಳೆದಾಗ ಕನಿಷ್ಠ ಮೂರನೇ ಎರಡು ಭಾಗದ ಫಲಿತಾಂಶಗಳಲ್ಲಿ ವ್ಯತ್ಯಾಸ ಶೇ. 20ರೊಳಗಿರಬೇಕೆಂಬುದೂ ಅದರ ನಿಯಮ. ಆದರೆ ಕಾರ್ಕಳದ ಮನೆಯೊಂದರಲ್ಲಿ ಮಳೆಗಾಲದ ಬೆಳಿಗ್ಗೆ ರೋಗಿಯೇ ತೆಗೆದ ಹನಿ, ಅದೇ ಹೊತ್ತಿಗೆ ಸಿರೆಯಿಂದ ತೆಗೆದ ರಕ್ತದೊಡನೆ ತಾಳೆಯಾಗುತ್ತದೆಯೇ ಎಂಬ ಪ್ರಯೋಗವನ್ನು ಯಾವ ಮಾರ್ಗಸೂಚಿಯೂ ಸಂಶೋಧಕನ ಪರವಾಗಿ ಮಾಡಿಕೊಡದು.