ತಾಂಡೂರು ಕಲ್ಲಿನ ಚೆಲುವು ಮತ್ತು ಕಣ್ಣಿನ ಕುಶಲತೆ

ತೆಲಂಗಾಣದ ತಾಂಡೂರಿನ ಗಣಿಗಳಲ್ಲಿ ಪದರಪದರವಾಗಿ ದೊರೆಯುವ ಸುಣ್ಣಕಲ್ಲು ಕರ್ನಾಟಕದ ಗಡಿಸೀಮೆಯ ಮನೆಗಳಿಗೆ ಪರಸಿಯಾಗಿ, ಅಂದರೆ ನೆಲಹಾಸಾಗಿ, ಒದಗುವುದರ ಜೊತೆಗೆ, ನೀಲಿಬೂದು ಮತ್ತು ಹಳದಿ ಎಂಬ ತನ್ನ ಎರಡು ಬಣ್ಣಗಳಿಂದ ದೃಷ್ಟಿಶಾಸ್ತ್ರಕ್ಕೂ ಸುಂದರ ನಿದರ್ಶನವಾಗಿದೆ. ಈ ಎರಡು ಬಗೆಯ ಚಪ್ಪಡಿಗಳನ್ನು ಅಕ್ಕಪಕ್ಕ ಹಾಸಿದಾಗ, ಅವುಗಳಿಂದ ಮರಳಿದ ಬೆಳಕು ಕಣ್ಣಿನ ಒಳಗೋಡೆಯ ತೆಳುಪದರವಾದ ಅಕ್ಷಿಪಟವನ್ನು ತಲುಪುತ್ತದೆ. ಅಲ್ಲಿ ಬಣ್ಣವನ್ನು ಗ್ರಹಿಸುವ ಮೂರು ಬಗೆಯ ಶಂಕುಕೋಶಗಳು ಅದನ್ನು ವಿದ್ಯುತ್ ಸಂಕೇತವಾಗಿಸುತ್ತವೆ. ಮುಂದಿನ ನರಕೋಶಗಳು ಈ ಸಂಕೇತಗಳನ್ನು ಹೋಲಿಸಿ, ನೀಲಿಗೆ ಹಳದಿಯನ್ನೂ ಕೆಂಪಿಗೆ ಹಸಿರನ್ನೂ ಎದುರಾಗಿ ಇಡುವುದರಿಂದ, ಪಕ್ಕಪಕ್ಕದ ನೀಲಿ, ಹಳದಿ ಕಲ್ಲುಗಳು ಒಂದರ ಕಳೆಯನ್ನು ಇನ್ನೊಂದು ಹೆಚ್ಚಿಸುತ್ತವೆ.

ಸುಮಾರು 10 ಲಕ್ಷ ತಂತುಗಳುಳ್ಳ ದೃಷ್ಟಿನರದ ಮೂಲಕ ಹೊರಡುವ ಈ ಸಂಕೇತಗಳು ಕೊನೆಗೆ ಮಿದುಳಿನ ಹಿಂಭಾಗದ ದೃಷ್ಟಿವಲ್ಕವನ್ನು ಸೇರುತ್ತವೆ. ಅಲ್ಲಿನ ಅನೇಕ ಕೋಶಗಳು ನಿರ್ದಿಷ್ಟ ದಿಕ್ಕಿನ ಗೆರೆಗಳಿಗಷ್ಟೇ ಬಲವಾಗಿ ಸ್ಪಂದಿಸುತ್ತವೆಂದು ನರವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ತೋರಿಸಿಕೊಟ್ಟರು. 1981ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ದೊರೆಯಿತು. ಕಲ್ಲುಕುಟಿಗನು ನೇರವಾಗಿ ತೆಗೆದ ಅಂಚು ಕಣ್ಣಿಗೆ ಹಿತವೆನಿಸುವಲ್ಲಿ ಆ ಕೋಶಗಳ ದುಡಿಮೆಯೂ ಸೇರಿದೆ. ನಡುಹಗಲ ಬಿಸಿಲಿನಲ್ಲೂ ಸಂಜೆಯ ಹೊಂಬೆಳಕಿನಲ್ಲೂ ಒಂದು ಕಲ್ಲಿನ ಬಣ್ಣ ಬಹುಮಟ್ಟಿಗೆ ಒಂದೇ ಆಗಿ ಕಾಣುವುದು, ಸುತ್ತಲಿನ ಬೆಳಕಿನ ಛಾಯೆಯನ್ನು ಮಿದುಳು ಲೆಕ್ಕಹಾಕಿ ಕಳೆಯುವ ವರ್ಣಸ್ಥಿರತೆಯ ಫಲ. ಹೀಗೆ ಪರಸಿಯ ಸೊಬಗು ಗಣಿಯಲ್ಲಿ ಹುಟ್ಟಿ, ಕುಟಿಗನ ಕೈಯಲ್ಲಿ ರೂಪುಗೊಂಡು, ನೋಡುವವರ ಮಿದುಳಿನಲ್ಲಿ ಪೂರ್ಣಗೊಳ್ಳುತ್ತದೆ.